ಕೀಚಕನೇ ನಾಯಕನಾದರೆ

ಮಾಯಾಲೋಕದಲ್ಲಿ ನಡೆಯುವ, ಕ್ರೂರ ನಾಯಕನ ಪ್ರೇಮಕತೆ ಹೇಳುವ 'ಡಾರ್ಕ್ ಫ್ಯಾಂಟಸಿ ರೊಮ್ಯಾನ್ಸ್' ಎಂಬ ದಪ್ಪ ಇಂಗ್ಲಿಷ್ ಕಾದಂಬರಿಗಳ ಸೆಳೆತ ಉತ್ತರ ಕನ್ನಡದವರಿಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಜನ ನಿದ್ದೆಗೆಟ್ಟು ಕೂರುತ್ತಿದ್ದುದು ಕೀಚಕ ಒಳ್ಳೆಯವನೆಂದಲ್ಲ. ಸೈರಂಧ್ರಿಯನ್ನು ಕಂಡಾಗಿನ ಆ ಶೃಂಗಾರ, ಆ ಕಣ್ಣು, ಆ ಹೆಜ್ಜೆ ಬೇಕಿತ್ತು. ಆದರೆ ಅವನು ಎಂಥವನೆಂಬುದು ಪ್ರಸಂಗಕ್ಕೆ ಗೊತ್ತಿತ್ತು. ಬೆಳಗಾಗುವುದರೊಳಗೆ ಭೀಮ ಬರುತ್ತಿದ್ದ. ಈ ಕಾದಂಬರಿಗಳಲ್ಲಿ ಭೀಮ ಬರುವುದಿಲ್ಲ, ಕೀಚಕನ ಕೈಯಲ್ಲೇ ಮಾಲೆ. ಹಾಗಾಗಿ, ತನ್ನ ನಾಯಕ ಮಾಡಿದ್ದೇನೆಂದು ಲೇಖಕಿಗೆ ಅರಿವಿದೆಯೋ ಇಲ್ಲವೋ ಎಂಬುದನ್ನು ನೋಡಿಯೇ ಪುಸ್ತಕ ಆರಿಸಬೇಕು.

ಒಳ್ಳೆಯದರಲ್ಲಿ ನಾಯಕಿ 'ಬೇಡ' ಎಂದರೆ ಕತೆಯ ದಾರಿಯೇ ಬದಲಾಗುತ್ತದೆ. ಅವಳು ಮಾಡಿಕೊಂಡ ಮಾಯೆಯ ಕರಾರಿನ ಷರತ್ತುಗಳು ಮೊದಲ ನೂರು ಪುಟದೊಳಗೆ ಬಿಡಿಬಿಡಿಯಾಗಿ ಬಂದಿರುತ್ತವೆ, ಕೊನೆಗೆ ಅವೇ ಷರತ್ತುಗಳ ಸಂದಿಯಿಂದ ಅವಳು ಪಾರಾಗುತ್ತಾಳೆ. ಕಳಪೆಯದರಲ್ಲಿ 'ಮೇಟ್ ಬಾಂಡ್', ಅಂದರೆ ಇಬ್ಬರನ್ನು ಜೋಡಿಯಾಗಿ ಬೆಸೆಯುವ ಮಾಯೆಯ ನಂಟು, ಬಂದು ಎಲ್ಲವನ್ನೂ ಮುಚ್ಚುತ್ತದೆ. ವಿಧಿಯೇ ಗಂಟು ಹಾಕಿದ ಮೇಲೆ ಕೂಡಿಹಾಕಿದ್ದೂ ಪ್ರೀತಿ, ಬೆನ್ನು ಹತ್ತಿದ್ದೂ ಪ್ರೀತಿ! ಕ್ಷಮೆ ಕೇಳಬೇಕಿದ್ದ ಅಧ್ಯಾಯದ ಜಾಗದಲ್ಲಿ ಹಾಸಿಗೆಯ ಅಧ್ಯಾಯ ಇರುತ್ತದೆ. ಮುಪ್ಪಿಲ್ಲದ ಮಾಯಾಕುಲದ ನಾಯಕನಿಗೆ ಐನೂರು ವರ್ಷ, ನಾಯಕಿಗೆ ಹತ್ತೊಂಬತ್ತು. ಆ ಅಂತರವನ್ನು ಯಾವ ಪಾತ್ರವೂ ಎತ್ತಿ ಆಡದಿದ್ದರೆ ಅನುಮಾನಪಡಿ. (ಈ ಅರಮನೆಗಳಲ್ಲಿ ಔತಣ ಮುಗಿಯುವುದೇ ಇಲ್ಲ. ಗದ್ದೆ ಮಾಡುವವರು ಯಾರೆಂದು ಮಾತ್ರ ಮೂರು ಸಂಪುಟ ಓದಿದರೂ ತಿಳಿಯದು.)

ಮಕ್ಕಳಿಗೆ ಕೊಡುವವರು ಮುಖಪುಟದ ಹೂಬಳ್ಳಿ ನಂಬಬೇಡಿ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರಲ್ಲಿ ಹದಿಹರೆಯದವರ ಸಾಲಿನಲ್ಲಿ ಬಂದು, 2020ರಲ್ಲಿ ಹೊಸ ರಕ್ಷಾಪುಟ ತೊಟ್ಟು ವಯಸ್ಕರ ಸಾಲಿಗೆ ಹೋಯಿತು. ಹಳೆಯ ಪ್ರತಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಒಳಗಿರುವುದು ಅದೇ ಕತೆ. ಹಿಂಸೆ, ಬಲವಂತದ ದೃಶ್ಯಗಳ ಎಚ್ಚರಿಕೆಯನ್ನು ಹಲವು ಲೇಖಕರು ಆರಂಭದ ಪುಟಗಳಲ್ಲೇ ಅಚ್ಚು ಹಾಕುತ್ತಾರೆ. ಮೊದಲು ಅದನ್ನು ಓದಿ.

ಅಗ್ಗದ ನಕಲಿ ಪ್ರತಿಯನ್ನು ಹಿಡಿಯಲು ಒಳಗೆ ಅಚ್ಚಾದ ಕಥಾಲೋಕದ ನಕ್ಷೆ ನೋಡಿ. ನಕ್ಷೆಯಲ್ಲಿ ಊರಿನ ಹೆಸರುಗಳು ಮಸುಕಾಗಿ ಕಲೆಸಿಹೋಗಿದ್ದರೆ, ಹಿಂದಿನ ಪುಟದ ಅಕ್ಷರ ಈ ಬದಿಗೆ ಕಾಣುತ್ತಿದ್ದರೆ ವಾಪಸ್ ಇಡಿ. ಅಂಥದರಲ್ಲಿ ಹಾಳೆಗಳೇ ಬಿಟ್ಟುಹೋಗಿರುವುದೂ ಉಂಟು. ಅಸಲಿ ಪ್ರತಿಗೂ ಕಾರವಾರದ ಮಳೆಗಾಲ ಕಷ್ಟವೇ. ಏಳುನೂರು ಪುಟವನ್ನು ಬರೀ ಅಂಟಿನಲ್ಲಿ ಹಿಡಿದ ಬೆನ್ನು ಅಗಲಿಸಿ ಮಲಗಿಸಿದರೆ ಸೀಳುತ್ತದೆ, ಬಣ್ಣ ಬಳಿದ ಪುಟದಂಚುಗಳು ತೇವಕ್ಕೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಗೋಡೆಗೆ ತಾಗಿಸಿಟ್ಟರೆ ಬೂಷ್ಟು ಖಾತ್ರಿ. ಅಂಥ ದುಬಾರಿ ಆವೃತ್ತಿಯನ್ನು ಅಕ್ಟೋಬರ್ ಕಳೆದ ಮೇಲೆ ತರಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಅಲ್ಲಿಯವರೆಗೆ ಇ-ಪುಸ್ತಕದ ಉಚಿತ ಮಾದರಿ ಇಳಿಸಿಕೊಂಡು ಓದಿ. ಅದು ಮುಗಿಯುವಷ್ಟರಲ್ಲಿ ನಾಯಕಿಗೆ ಏನು ಬೇಕೆಂಬುದೇ ತಿಳಿಯದಿದ್ದರೆ ದುಡ್ಡು ಹಾಕಬೇಡಿ.