ಸ್ಪೀಡ್ ಪೋಸ್ಟೋ, ಖಾಸಗಿ ಕೊರಿಯರೋ?

1986ರಲ್ಲಿ ಶುರುವಾದ ಸ್ಪೀಡ್ ಪೋಸ್ಟ್‌ಗೆ ಇಂದು ಬ್ಲೂ ಡಾರ್ಟ್, ಬೆಂಗಳೂರಿನಲ್ಲೇ ಹುಟ್ಟಿದ ಡಿಟಿಡಿಸಿಯಂಥವರ ಪೈಪೋಟಿ ಜೋರು. ಹಳ್ಳಿ ವಿಳಾಸಕ್ಕಾದರೆ ಕಣ್ಣು ಮುಚ್ಚಿ ಅಂಚೆಯನ್ನೇ ಆರಿಸಿ. ಕೊರಿಯರ್‌ನವರು ಎಷ್ಟೋ ಕಡೆ ತಾಲ್ಲೂಕು ಕೇಂದ್ರದಲ್ಲೇ ನಿಂತು, "ಬಂದು ತಗೊಂಡು ಹೋಗಿ" ಅಂತ ಫೋನ್ ಮಾಡುತ್ತಾರೆ.

ನಗರದಿಂದ ನಗರಕ್ಕೆ, ಅದೂ ಮನೆಗೇ ಬಂದು ಒಯ್ಯಬೇಕೆಂದರೆ, ಖಾಸಗಿಯವರೇ ಅನುಕೂಲ. ಆದರೆ ಡಬ್ಬದ ಅಳತೆ ನೋಡಿಕೊಳ್ಳಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಕೆಜಿ ಲೆಕ್ಕ ತೆಗೆಯುತ್ತಾರೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಾದರೆ ಬಿಲ್ ಅದಕ್ಕೇ. 40×30×30ರ ಡಬ್ಬದಲ್ಲಿ 3 ಕೆಜಿ ಚಕ್ಕುಲಿ ಕಳಿಸಿದರೂ 7.2 ಕೆಜಿಯ ದುಡ್ಡು! ಚಿಕ್ಕ ಡಬ್ಬ ಹುಡುಕಿ, ಸಂದಿಗಳಿಗೆ ಹಳೆ ಪೇಪರ್ ತುರುಕಿ.

ಪಿನ್‌ಕೋಡ್ ಎರಡು ಸಲ ಓದಿ. ವಿಂಗಡಣೆ ನಡೆಯುವುದು ಅದರ ಮೇಲೆ. ಒಂದಂಕಿ ತಪ್ಪಿದರೆ ಪೊಟ್ಟಣ ಬೇರೆ ಊರು ಸೇರಬಹುದು.