ಮುದಿ ಹ್ಯಾಟೆ ಕ್ಲೀನ್ ಮಾಡಿಸಿದ ಕಥೆ: ಐದಕ್ಕೆ ಮೂರು ಸ್ಟಾರ್

ವಾರಕ್ಕೊಂದು ಮೊಟ್ಟೆಗೆ ಇಳಿದಿದ್ದ ಮೂರು ವರ್ಷದ ಎರಡು ಗಿರಿರಾಜ ತಳಿಯ ಹ್ಯಾಟೆಗಳನ್ನು ಸಂತೆ ಬೀದಿಯ ಚಿಕನ್ ಅಂಗಡಿಗೆ ಒಯ್ದಿದ್ದೆ. ಮೊದಲೆಲ್ಲ ನಮ್ಮತ್ತೆಯೇ ಹಿತ್ತಲಲ್ಲಿ ಕುಯ್ಯುತ್ತಿದ್ದರು. ಈಗ ಅವರಿಗೆ ಮಂಡಿನೋವು, ನನಗೆ ಧೈರ್ಯ ಸಾಲದು. ಕುಯ್ದು ಕ್ಲೀನ್ ಮಾಡೋಕೆ ಕೋಳಿಗೆ 60 ರೂಪಾಯಿ ತಗೊಂಡರು. ರಕ್ತ ಪೂರ್ತಿ ಸೋರುವವರೆಗೂ ಕಾದರು, ಅದು ಮೆಚ್ಚಿಗೆಯಾಯಿತು.

ತಕರಾರು ಇರುವುದು ಪುಕ್ಕ ತೆಗೆಯುವ ಮಿಷನ್ನಿನ ಹತ್ತಿರ. ಕೊತಕೊತ ಕುದಿಯುವ ನೀರಿಗೆ ಅದ್ದಿ, ರಬ್ಬರ್ ಬೆರಳಿನ ಡ್ರಮ್ಮಿಗೆ ಎಸೆದರು. ತೊಡೆಯ ಚರ್ಮವೆಲ್ಲ ಕಿತ್ತುಬಂತು! 65 ಡಿಗ್ರಿ ಆಸುಪಾಸಿನ ನೀರು ಸಾಕು, ಪುಕ್ಕ ಸಲೀಸಾಗಿ ಬರುತ್ತದೆ. ಚರ್ಮವೇ ಹೋದಮೇಲೆ ಅರಿಶಿನ ಹಚ್ಚಿ ಸುಡೋದು ಏನನ್ನ? ಕೇಳಿದರೆ ಹುಡುಗ "ಸ್ಕಿನ್‌ಲೆಸ್ಸೇ ಒಳ್ಳೇದು ಬಿಡಿ ಅಕ್ಕಾ" ಅಂದ. ಎರಡನೇದಕ್ಕೆ ಪಕ್ಕದಲ್ಲೇ ನಿಂತು ತಣ್ಣೀರು ಬೆರೆಸಿಸಿದೆ, ಚರ್ಮ ಹಾಗೇ ಉಳೀತು. ಅಷ್ಟರಲ್ಲಿ ಮೊದಲನೇದರ ಹೊಟ್ಟೆಯಲ್ಲಿದ್ದ ಹಳದಿ ಎಳೆಮೊಟ್ಟೆಗಳು ಕಸದ ಬಕೆಟ್ ಸೇರಿದ್ದವು. ಸಾರಿನಲ್ಲಿ ನನ್ನ ಮಗಳು ಹುಡುಕೋದೇ ಅವನ್ನ.

ತುಂಡು ಮಾಡಿಸದೆ ಇಡಿಯಾಗಿ ತಂದು ಒಂದು ದಿನ ಫ್ರಿಜ್‌ನಲ್ಲಿಟ್ಟೆ. ಕುಯ್ದ ಒಂದೆರಡು ಗಂಟೆಯಲ್ಲೇ ಒಲೆಗೇರಿಸಿದರೆ ಮುದಿ ಕೋಳಿ ಚಪ್ಪಲಿ ಥರ ಆಗುತ್ತೆ. ಮಾರನೇ ದಿನ ಕುಕ್ಕರಿನಲ್ಲಿ ಹತ್ತು ವಿಶಲ್, ಆಮೇಲೆ ಹುರಿದ ಮಸಾಲೆ. ಮಾಂಸ ಸ್ವಲ್ಪ ಜಗಿಯಬೇಕಾಯಿತು ನಿಜ, ಸಾರು ಮಾತ್ರ ಬ್ರಾಯ್ಲರಿಗೆ ಜನ್ಮದಲ್ಲಿ ಬರೋದಲ್ಲ. ಅತ್ತೆ ಎರಡು ಮುದ್ದೆ ಉಂಡರು.

ಇನ್ನೊಂದು ಮುದಿ ಹುಂಜ ಉಳಿದಿದೆ. ಇದೇ ಅಂಗಡಿಗೇ ಒಯ್ತೀನಿ, ಮಿಷನ್ ಬೇಡ ಅಂತ ಹೇಳಿಯೇ ಇಳಿಸ್ತೀನಿ.