ವಿಶ್ವಭಾಷೆಗಳ ಗೋಡೆ ನಕಾಶೆ: ಸಿಂಹಳ ಮತ್ತು ಮಾಲ್ಟೀಸ್ ಎಲ್ಲಿವೆ?

ಚಿತ್ರದುರ್ಗದ ಬಿ.ಡಿ. ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಸಿಗುವ ವಿಶ್ವಭಾಷೆಗಳ ಗೋಡೆ ನಕಾಶೆಯನ್ನು ನಮ್ಮ ಪ್ರೌಢಶಾಲೆಗೆಂದು ಕೊಂಡಿದ್ದೇನೆ. ಕಾಗದ ಗಟ್ಟಿಯಾಗಿದೆ, ಲ್ಯಾಮಿನೇಷನ್ ಅಚ್ಚುಕಟ್ಟಾಗಿದೆ. ಆದರೆ ಇಂಥ ನಕಾಶೆಯ ಗುಣವನ್ನು ದ್ವೀಪಗಳಲ್ಲಿ ನೆಲೆಸಿದ ಭಾಷೆಗಳಿಂದ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಶ್ರೀಲಂಕಾದ ಸಿಂಹಳವನ್ನೂ, ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪದೇಶ ಮಾಲ್ಟಾದ ಮಾಲ್ಟೀಸನ್ನೂ ಮೊದಲು ಹುಡುಕಿದೆ.

ಶ್ರೀಲಂಕಾವನ್ನು ಇಡಿಯಾಗಿ ಸಿಂಹಳದ ಬಣ್ಣದಿಂದ ತುಂಬಿರುವುದು ಈ ನಕಾಶೆಯ ದೊಡ್ಡ ದೋಷ. ಸಿಂಹಳದ ನೆಲೆ ದ್ವೀಪದ ದಕ್ಷಿಣ, ಪಶ್ಚಿಮ ಮತ್ತು ಮಧ್ಯಭಾಗ. ಜಾಫ್ನಾ ಸೇರಿದ ಉತ್ತರದಲ್ಲಿ ತಮಿಳೇ ಪ್ರಧಾನ, ಪೂರ್ವ ಕರಾವಳಿಯಲ್ಲೂ ಮಧ್ಯದ ಚಹಾ ತೋಟಗಳಲ್ಲೂ ತಮಿಳರು ಬಹು ಸಂಖ್ಯೆಯಲ್ಲಿದ್ದಾರೆ. 1956ರ ಕಾಯ್ದೆ ಸಿಂಹಳವೊಂದನ್ನೇ ಅಧಿಕೃತ ಭಾಷೆಯನ್ನಾಗಿ ಮಾಡಿತು. ತಮಿಳಿಗೆ ಆ ಸ್ಥಾನ ದೊರೆತದ್ದು 1987ರ ಸಂವಿಧಾನ ತಿದ್ದುಪಡಿಯಲ್ಲಿ. ಭಾಷೆಯ ಈ ವಿವಾದವೂ ಒಂದು ಕಾರಣವಾಗಿ ಹೊತ್ತಿಕೊಂಡ ಯುದ್ಧ 2009ರವರೆಗೆ ನಡೆದಿರುವಾಗ, ಮಕ್ಕಳ ಕಣ್ಣೆದುರು ಅಲ್ಲಿ ಒಂದೇ ಬಣ್ಣವನ್ನಿಡುವುದು ಸಣ್ಣ ತಪ್ಪಲ್ಲ.

ಭಾಷಾ ಕುಟುಂಬವನ್ನು ಮಾತ್ರ ಸರಿಯಾಗಿ ಗುರುತಿಸಿದ್ದಾರೆ. ದ್ರಾವಿಡ ಭಾಷೆಗಳ ನಾಡನ್ನು ದಾಟಿ ದಕ್ಷಿಣದಲ್ಲಿ ನಿಂತ ಸಿಂಹಳಕ್ಕೂ, ಅದರ ಹತ್ತಿರದ ಬಂಧುವಾದ ಮಾಲ್ಡೀವ್ಸ್‌ನ ದಿವೇಹಿಗೂ ಹಿಂದಿ, ಮರಾಠಿಗಳ ಕುಟುಂಬವಾದ ಇಂಡೋ-ಆರ್ಯನ್ ಬಣ್ಣವನ್ನೇ ಕೊಟ್ಟಿದ್ದಾರೆ. ಕೆಳಅಂಚಿನಲ್ಲಿರುವ ಲಿಪಿಗಳ ಮಾದರಿ ನನಗೆ ಬಹಳ ಹಿಡಿಸಿತು. ಸಿಂಹಳದ ದುಂಡಕ್ಷರಗಳೂ ನಮ್ಮ ಕನ್ನಡದ ಅಕ್ಷರಗಳೂ ಬ್ರಾಹ್ಮಿಯಿಂದಲೇ ಬೆಳೆದವು ಎಂಬುದನ್ನು, ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ನೋಡಿ ಬಂದ ಮಕ್ಕಳಿಗೆ ವಿವರಿಸುವುದು ಇದರಿಂದ ಸುಲಭವಾಯಿತು.

ಮಾಲ್ಟೀಸ್ ಒಂದು ಚುಕ್ಕೆಯಷ್ಟೇ, ಅದರ ಪಕ್ಕದ ಅಕ್ಷರಗಳು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ನಮ್ಮ ಜಿಲ್ಲೆಯ ವಿಸ್ತೀರ್ಣ 8,000 ಚದರ ಕಿ.ಮೀ.ಗೂ ಹೆಚ್ಚು, ಮಾಲ್ಟಾ ದೇಶದ ಮಾಲ್ಟಾ, ಗೋಜೊ, ಕೊಮಿನೊ ದ್ವೀಪಗಳೆಲ್ಲ ಸೇರಿದರೂ ಸುಮಾರು 316 ಚದರ ಕಿ.ಮೀ. ಮಾತ್ರ. ಸಿಂಹಳವನ್ನು ಆಡುವವರು 1.5 ಕೋಟಿಗೂ ಹೆಚ್ಚು, ಮಾಲ್ಟೀಸ್ ಆಡುವವರು ಸುಮಾರು 5 ಲಕ್ಷ. ಇಷ್ಟು ಪುಟ್ಟ ನೆಲಕ್ಕೆ ಪ್ರತ್ಯೇಕ ಚೌಕವೊಂದನ್ನು ಹಿಗ್ಗಿಸಿ ಕೊಡಲೇಬೇಕಿತ್ತು. ಏಕೆಂದರೆ 1934ರಿಂದ ಇಂಗ್ಲಿಷಿನ ಜೊತೆಗೆ ಅಧಿಕೃತವಾಗಿರುವ ಈ ಭಾಷೆ, 2004ರಿಂದ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೂ ಒಂದು. ಇಟಲಿಯ ಸಿಸಿಲಿ ದ್ವೀಪ ಕೇವಲ 90 ಕಿ.ಮೀ.ಯಷ್ಟು ದೂರದಲ್ಲಿದ್ದರೂ, ಇಟಾಲಿಯನ್ ಪದಗಳು ಯಥೇಚ್ಛವಾಗಿ ಬೆರೆತು ಬರಹ ಲ್ಯಾಟಿನ್ ಲಿಪಿಯಲ್ಲಿದ್ದರೂ, ಅರಬ್ಬಿಯ ಸಂತತಿಯೆಂದು ಅದಕ್ಕೆ ಅರಬ್ಬಿ, ಹೀಬ್ರೂಗಳ ಕುಟುಂಬವಾದ ಸೆಮಿಟಿಕ್ ಬಣ್ಣವನ್ನೇ ಹಾಕಿರುವುದು ಮೆಚ್ಚಬೇಕಾದ ಎಚ್ಚರಿಕೆ.

ವಲಸೆ ಹೋದವರನ್ನು ನಕಾಶೆ ತೋರಿಸುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಈ ಎರಡೂ ಭಾಷೆಗಳ ಮನೆಗಳಿವೆ. ಆದರೂ ಮೂಲ ನೆಲೆಗಳ ನಕಾಶೆಯಲ್ಲಿ ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ.

ಶಾಲೆಗಳು ಇದನ್ನು ಕೊಳ್ಳಬಹುದು, ಆದರೆ ಶ್ರೀಲಂಕಾದ ಉತ್ತರಕ್ಕೂ ಪೂರ್ವಕ್ಕೂ ತಮಿಳಿನ ಬಣ್ಣದ ಕಾಗದವನ್ನು ಅಂಟಿಸಿದ ಮೇಲೆಯೇ ಗೋಡೆಗೆ ತೂಗುಹಾಕಬೇಕು.